ಕಾರಿನ ಎ.ಸಿ. ಕಂಪ್ರೆಸರ್ ಬದಲಾವಣೆ: ಎರಡು ಸಲ ಬಿಚ್ಚಿದ ಕೆಲಸ ಮತ್ತು ಎಣ್ಣೆಯ ಲೆಕ್ಕ

ನನ್ನ ತಂದೆಗೆ ಈಗ ಎಪ್ಪತ್ತೆಂಟು ವರ್ಷ. ತಿಂಗಳಿಗೊಮ್ಮೆ ಅವರನ್ನು ವಿಜಯಪುರದಿಂದ ಸೋಲಾಪುರದ ಆಸ್ಪತ್ರೆಗೆ ತೋರಿಸಲು ಕರೆದೊಯ್ಯಬೇಕು. ಹೋಗುವ ದಾರಿ ಸುಮಾರು ನೂರು ಕಿಲೋಮೀಟರ್. ಬೇಸಿಗೆಯಲ್ಲಿ ಮರಳಿ ಬರುವ ಹೊತ್ತಿಗೆ ಹೊರಗೆ 40 ಡಿಗ್ರಿ ಇರುತ್ತದೆ. ಹೀಗಾಗಿ 2025ರ ಬೇಸಿಗೆಯ ಆರಂಭದಲ್ಲಿ ಕಾರಿನ ಎ.ಸಿ. ಕೆಟ್ಟಾಗ ಮುಂದಿನ ವರ್ಷಕ್ಕೆ ನೋಡಿಕೊಳ್ಳೋಣ ಎನ್ನುವ ಹಾಗಿರಲಿಲ್ಲ. ನಾನು ಐ.ಟಿ.ಐ.ಯಲ್ಲಿ ಫಿಟ್ಟರ್ ವಿಭಾಗದ ಬೋಧಕ. ಪಾನಾ, ಸಾಕೆಟ್, ಫೀಲರ್ ಗೇಜ್, ಟಾರ್ಕ್ ರೆಂಚ್ ದಿನವೂ ಕೈಯಲ್ಲಿರುವ ವಸ್ತುಗಳು. ಆದರೆ ಎ.ಸಿ. ಕೆಲಸಕ್ಕೆ ಕೈ ಹಾಕಿದ್ದು ಇದೇ ಮೊದಲು. ಗ್ಯಾಸನ್ನು ಒತ್ತಿ ವ್ಯವಸ್ಥೆಯಲ್ಲಿ ತಿರುಗಿಸುವ ಕಂಪ್ರೆಸರ್ ಬಿಚ್ಚಿ ಹಾಕುವುದು ಕಷ್ಟವೆನಿಸಲಿಲ್ಲ. ಅದರೊಳಗಿನ ಎಣ್ಣೆಯ ಲೆಕ್ಕ ತಪ್ಪಿದ್ದರಿಂದ ಇಡೀ ಕೆಲಸವನ್ನು ಎರಡು ಸಲ ಮಾಡಬೇಕಾಯಿತು. ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದನ್ನು ದಿನಾಂಕದ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಕಾರು ಹತ್ತು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಪಿಸ್ಟನ್ ಮಾದರಿಯ ಕಂಪ್ರೆಸರ್, ಬೆಲ್ಟ್ ಮತ್ತು, ಎ.ಸಿ. ಹಾಕಿದಾಗ ಪುಲ್ಲಿಯನ್ನು ಕಾಂತದಿಂದ ಹಿಡಿಯುವ ಮ್ಯಾಗ್ನೆಟಿಕ್ ಕ್ಲಚ್‌ನಿಂದ ತಿರುಗುವಂಥದು. ಬಾನೆಟ್ಟಿನ ಒಳಗಿನ ಚೀಟಿಯಲ್ಲಿ ಆರ್-134ಎ ಗ್ಯಾಸ್ 400 ಗ್ರಾಂ, 20 ಗ್ರಾಂ ಹೆಚ್ಚುಕಡಿಮೆ ಎಂದಿದೆ. ಸರ್ವಿಸ್ ಪುಸ್ತಕದಲ್ಲಿ ಇಡೀ ವ್ಯವಸ್ಥೆಗೆ ಪಿ.ಎ.ಜಿ. 46 ಎಂಬ ಕಂಪ್ರೆಸರ್ ಎಣ್ಣೆ 120 ಮಿಲಿಲೀಟರ್ ಎಂದಿದೆ. ಈ 120 ಎಂಬ ಅಂಕಿಯೇ ಮುಂದಿನ ಎಲ್ಲ ಲೆಕ್ಕದ ಆಧಾರ.

ಮಾರ್ಚ್ 9, 2025: ಲಕ್ಷಣ ಮತ್ತು ತಪಾಸಣೆ

ಎ.ಸಿ. ಗುಂಡಿ ಒತ್ತಿದ ಕೂಡಲೇ ಎಂಜಿನ್ ಬದಿಯಿಂದ ಕಬ್ಬಿಣ ಉಜ್ಜಿದಂತಹ ಸದ್ದು ಬರುತ್ತಿತ್ತು, ಗಾಳಿ ತಣ್ಣಗಾಗುತ್ತಿರಲಿಲ್ಲ. ಮೊದಲು ವಿದ್ಯುತ್ ಕಡೆ ನೋಡಿದೆ. ಕ್ಲಚ್ ಕಾಯಿಲ್‌ನ ರೋಧ 3.6 ಓಮ್ ಇತ್ತು, ಕನೆಕ್ಟರ್‌ನಲ್ಲಿ 12.4 ವೋಲ್ಟ್ ಬರುತ್ತಿತ್ತು, ಕ್ಲಚ್ ಸರಿಯಾಗಿ ಹಿಡಿಯುತ್ತಿತ್ತು. ಎಂಜಿನ್ ನಿಲ್ಲಿಸಿ, ಬೆಲ್ಟ್ ಕಳಚಿ, ಪುಲ್ಲಿಯನ್ನು ಕೈಯಿಂದ ತಿರುಗಿಸಿದಾಗ ಅದು ಸಲೀಸಾಗಿ ತಿರುಗಿತು. ಅಂದರೆ ಬೇರಿಂಗ್ ಚೆನ್ನಾಗಿದೆ. ಆದರೆ ಮುಂದಿನ ಕ್ಲಚ್ ಪ್ಲೇಟ್ ಹಿಡಿದು ತಿರುಗಿಸಿದರೆ ಒಳಗೆ ಮರಳು ಸಿಕ್ಕಿಕೊಂಡಂತೆ ಕರಕರ ಎನ್ನುತ್ತಿತ್ತು, ಸುತ್ತಿನಲ್ಲಿ ಒಂದು ಕಡೆ ಬಿಗಿಯಾಗುತ್ತಿತ್ತು. ಬೆಲ್ಟ್ ಮತ್ತೆ ಹಾಕಿ, ಗೇಜ್ ಜೋಡಿಸಿ ಎ.ಸಿ. ಚಾಲೂ ಮಾಡಿದಾಗ ಕೆಳಒತ್ತಡ (ಕಂಪ್ರೆಸರ್‌ಗೆ ಬರುವ ಗ್ಯಾಸಿನದು) 80 ಪಿ.ಎಸ್.ಐ., ಮೇಲೊತ್ತಡ (ಅದರಿಂದ ಹೊರಡುವ ಗ್ಯಾಸಿನದು) 120 ಪಿ.ಎಸ್.ಐ. ಮಾತ್ರ. ಎರಡರ ನಡುವಿನ ಅಂತರ ಇಷ್ಟು ಕಡಿಮೆಯಿದ್ದರೆ ಕಂಪ್ರೆಸರ್ ತಿರುಗುತ್ತಿದೆ, ಒತ್ತುತ್ತಿಲ್ಲ ಎಂದರ್ಥ.

ಕಂಪ್ರೆಸರ್‌ನ ಮೂತಿಯ ಕೆಳಗೆ, ಶಾಫ್ಟ್ ಸೀಲ್ ಇರುವ ಜಾಗದಲ್ಲಿ, ದೂಳು ಮೆತ್ತಿಕೊಂಡ ಎಣ್ಣೆಯ ಕಲೆಯಿತ್ತು. ಸೀಲ್‌ನಿಂದ ಗ್ಯಾಸ್ ಬಹಳ ದಿನಗಳಿಂದ ಸೋರುತ್ತಿತ್ತು. ಈ ಯಂತ್ರದಲ್ಲಿ ಎಣ್ಣೆಗೆ ಬೇರೆ ಪಂಪ್ ಇಲ್ಲ, ಗ್ಯಾಸೇ ಅದನ್ನು ಹೊತ್ತು ತಿರುಗುತ್ತದೆ. ಗ್ಯಾಸ್ ಕಡಿಮೆಯಾದರೆ ಎಣ್ಣೆ, ಒಳಗಿನ ಗಾಳಿಯನ್ನು ತಣ್ಣಗಾಗಿಸುವ ಇವ್ಯಾಪರೇಟರ್‌ನಲ್ಲೇ ನಿಂತು ಕಂಪ್ರೆಸರ್‌ಗೆ ಮರಳುವುದಿಲ್ಲ. ಹಿಂದಿನ ಎರಡು ಬೇಸಿಗೆಯಲ್ಲಿ ಕೂಲಿಂಗ್ ಕಡಿಮೆಯಾದಾಗಲೆಲ್ಲ ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸಿದ್ದು ನನ್ನ ಮೊದಲ ತಪ್ಪು.

ಮಾರ್ಚ್ 12: ಗ್ಯಾಸ್ ತೆಗೆಸಿದ್ದು

ಗ್ಯಾಸನ್ನು ಗಾಳಿಗೆ ಬಿಡಬಾರದು. ಆರ್-134ಎ ಓಝೋನ್ ಪದರಕ್ಕೆ ಹಾನಿ ಮಾಡುವುದಿಲ್ಲವಾದರೂ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲವಾದದ್ದು. ನಮ್ಮ ಓಣಿಯಿಂದ ದೂರವಲ್ಲದ ಒಂದು ಎ.ಸಿ. ಅಂಗಡಿಯಲ್ಲಿ ಗ್ಯಾಸ್ ಹಿಂತೆಗೆಯುವ ಯಂತ್ರವಿದೆ. ಅಂಗಡಿಯ ಯಜಮಾನರನ್ನು ಎಲ್ಲರೂ ಉಸ್ತಾದ ಎಂದೇ ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಆ ದಿನ ಅವರು ಊರಲ್ಲಿರಲಿಲ್ಲ, ಕೆಲಸದ ಹುಡುಗ ಗ್ಯಾಸ್ ತೆಗೆದುಕೊಟ್ಟ. 400 ಗ್ರಾಂ ಇರಬೇಕಾದಲ್ಲಿ ಬಂದದ್ದು 210 ಗ್ರಾಂ. ಗ್ಯಾಸ್ ಜೊತೆಗೆ ಬಂದ ಎಣ್ಣೆ ಯಂತ್ರದ ಬಾಟಲಿಯಲ್ಲಿ 8 ಮಿಲಿಲೀಟರ್ ನಿಂತಿತ್ತು. ಅದನ್ನು ಬರೆದಿಟ್ಟುಕೊಂಡೆ.

ಮಾರ್ಚ್ 16, ಭಾನುವಾರ: ಮೊದಲ ಪ್ರಯತ್ನ

ಮನೆಯ ಅಂಗಳದ ಬೇವಿನ ಗಿಡದ ನೆರಳಲ್ಲಿ ಬೆಳಿಗ್ಗೆ ಏಳಕ್ಕೆ ಕೆಲಸ ಶುರು ಮಾಡಿದೆ. ತಮ್ಮನ ಮಗ ಜೊತೆಗಿದ್ದ. ಬ್ಯಾಟರಿಯ ನೆಗೆಟಿವ್ ಕಳಚಿ, ಮುಂದಿನ ಬಲಗಾಲಿ ತೆಗೆದು, ಕಾರನ್ನು ಜ್ಯಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬೆಲ್ಟ್ ಸಡಿಲಿಸಿದೆವು. ಎರಡು ಪೈಪುಗಳಿಗೆ ತಲಾ ಒಂದು 10 ಎಂ.ಎಂ. ತಲೆಯ ಬೋಲ್ಟ್, ಕಂಪ್ರೆಸರ್‌ಗೆ 12 ಎಂ.ಎಂ. ತಲೆಯ ನಾಲ್ಕು ಬೋಲ್ಟ್. ಪೈಪ್ ಕಳಚಿದ ತಕ್ಷಣ ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಒಂದೂವರೆ ಗಂಟೆಯಲ್ಲಿ ಕಂಪ್ರೆಸರ್ ಕೈಯಲ್ಲಿತ್ತು.

ಹಳೆಯದನ್ನು ಅಳತೆಯ ಜಾಡಿಯ ಮೇಲೆ ಬೋರಲು ಹಾಕಿ, ಶಾಫ್ಟ್ ತಿರುಗಿಸುತ್ತ ಇಪ್ಪತ್ತು ನಿಮಿಷ ಸೋರಲು ಬಿಟ್ಟಾಗ ಬಿದ್ದದ್ದು 22 ಮಿಲಿಲೀಟರ್ ಎಣ್ಣೆ. ಬಣ್ಣ ಕಪ್ಪು. ಹೊಸ ಎಣ್ಣೆ ನೀರಿನಂತೆ ತಿಳಿಯಾಗಿರುತ್ತದೆ ಎಂಬುದನ್ನು ನೆನೆದರೆ ಒಳಗೆ ಎಷ್ಟು ಸವೆದಿದೆ ಎಂದು ಬಿಚ್ಚದೆಯೇ ಗೊತ್ತಾಗುತ್ತದೆ.

ಇಲ್ಲಿಂದ ಮುಂದೆ ನಾನು ಮೂರು ತಪ್ಪು ಮಾಡಿದೆ. ಮೂರೂ ಒಂದೇ ದಿನ.

ಹೊಸ ಕಂಪ್ರೆಸರ್‌ನ ಮುಚ್ಚಳ ತೆಗೆದಾಗ ಒಳಗೆ ತುಂಬಿದ್ದ ನೈಟ್ರೋಜನ್ ಪುಸ್ ಎಂದು ಹೊರಬಂತು. ಬರೀ ನೈಟ್ರೋಜನ್ ತುಂಬಿ ಕಳಿಸಿದ್ದಾರೆ, ಎಣ್ಣೆ ನಾವೇ ಹಾಕಬೇಕು ಎಂದು ಭಾವಿಸಿದೆ. ಪೆಟ್ಟಿಗೆಯ ಬದಿಯಲ್ಲಿ, ಅಂಟುಪಟ್ಟಿಯ ಕೆಳಗೆ, ಸಣ್ಣ ಅಕ್ಷರದಲ್ಲಿ ಪಿ.ಎ.ಜಿ. 46, 120 ಮಿಲಿಲೀಟರ್ ತುಂಬಿದೆ ಎಂದು ಮುದ್ರಿಸಿದ್ದನ್ನು ಓದಲಿಲ್ಲ. ಹಳೆಯದರಿಂದ 22 ಬಂದಿದೆ, ಸೋರಿ ಹೋದದ್ದೂ ಇದೆ, ಆದ್ದರಿಂದ ಸ್ವಲ್ಪ ಧಾರಾಳವಾಗಿಯೇ ಇರಲಿ ಎಂದು ಸಿರಿಂಜಿನಿಂದ 50 ಮಿಲಿಲೀಟರ್ ಹೊಸ ಎಣ್ಣೆ ಹಾಕಿದೆ. ಎಂಜಿನ್ ಎಣ್ಣೆಯ ರೂಢಿ ಇರುವವರಿಗೆ ಸ್ವಲ್ಪ ಹೆಚ್ಚಾದರೆ ನಷ್ಟವಿಲ್ಲ ಎನಿಸುವುದು ಸಹಜ. ಎ.ಸಿ.ಯಲ್ಲಿ ಆ ಭಾವನೆಯೇ ಕೆಲಸ ಕೆಡಿಸುತ್ತದೆ.

ಎರಡನೆಯದು, ಎಣ್ಣೆ ಕಪ್ಪಗಿದ್ದರೂ ಬಿಸಿ ಗ್ಯಾಸನ್ನು ತಂಪಾಗಿಸಿ ದ್ರವ ಮಾಡುವ ಕಂಡೆನ್ಸರ್, ತೇವ ಹೀರುವ ಡ್ರೈಯರ್, ಇವ್ಯಾಪರೇಟರ್‌ಗೆ ದ್ರವವನ್ನು ಅಳೆದು ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಯಾವುದನ್ನೂ ಬದಲಿಸಲಿಲ್ಲ. ಕಂಪ್ರೆಸರ್‌ಗೇ 9,800 ರೂಪಾಯಿ ಕೊಟ್ಟಿದ್ದೆ. ಮತ್ತೆ ಐದು ಸಾವಿರ ಬೇಡ ಎಂದುಕೊಂಡೆ. ಮೂರನೆಯದು, ಡಬ್ಬಿಯಲ್ಲಿ ಉಳಿದ 200 ಮಿಲಿಲೀಟರ್ ಎಣ್ಣೆಯನ್ನು ಪ್ಲಾಸ್ಟಿಕ್ ನೀರಿನ ಬಾಟಲಿಗೆ ಸುರಿದು ಕಪಾಟಿನಲ್ಲಿಟ್ಟೆ. ಪಿ.ಎ.ಜಿ. ಎಣ್ಣೆ ಗಾಳಿಯ ತೇವವನ್ನು ಉಪ್ಪಿನಂತೆ ಹೀರುತ್ತದೆ, ಪ್ಲಾಸ್ಟಿಕ್ಕಿನ ಮೂಲಕವೂ ತೇವ ನುಸುಳುತ್ತದೆ. ಆ 200 ಮಿಲಿಲೀಟರ್ ಮುಂದೆ ಕೆಲಸಕ್ಕೆ ಬರಲಿಲ್ಲ.

ಒಳಗಿನ ಗಾಳಿ ಮತ್ತು ತೇವವನ್ನು ಎಳೆದು ತೆಗೆಯಲು ಬಾಡಿಗೆಗೆ ತಂದ ವ್ಯಾಕ್ಯೂಮ್ ಪಂಪನ್ನು ಅರ್ಧ ಗಂಟೆ ಓಡಿಸಿ, 400 ಗ್ರಾಂ ಗ್ಯಾಸ್ ತೂಗಿ ಹಾಕಿದೆ. ಸಂಜೆ ಐದಕ್ಕೆ ಎ.ಸಿ. ಹಾಕಿದಾಗ ಗಾಳಿ ಬರುವ ಕಿಂಡಿಯಲ್ಲಿ 14 ಡಿಗ್ರಿ ಬಂತು. ಇನ್ನೂ ತಣ್ಣಗಾಗಬೇಕಿತ್ತು. ಮನೆಯವರು ಸಂತೋಷಪಟ್ಟದ್ದನ್ನು ನೋಡಿ ನಾನೂ ಅಷ್ಟಕ್ಕೇ ಬಿಟ್ಟೆ.

ಮಾರ್ಚ್ 30, ಯುಗಾದಿ

ತಂದೆತಾಯಿಯನ್ನು ಕರೆದುಕೊಂಡು ಕೂಡಲಸಂಗಮಕ್ಕೆ ಹೊರಟಿದ್ದೆವು. ನಿಡಗುಂದಿ ತಲುಪುವಷ್ಟರಲ್ಲಿ ಕಿಂಡಿಯ ಗಾಳಿ 17 ಡಿಗ್ರಿಗೆ ಏರಿತ್ತು. ಊರೊಳಗೆ ನಿಧಾನವಾಗಿ ಹೋಗುವಾಗ ಇನ್ನೂ ಬಿಸಿ. ಹಿಂದಿನ ಸೀಟಿನಲ್ಲಿ ತಂದೆ ಏನೂ ಹೇಳದೆ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಮನೆಗೆ ಬಂದು ಗೇಜ್ ಹಾಕಿದರೆ ಕೆಳಒತ್ತಡ 52, ಮೇಲೊತ್ತಡ 320 ಪಿ.ಎಸ್.ಐ. ಕಂಪ್ರೆಸರ್‌ನಿಂದ ಹೊರಡುವ ಪೈಪನ್ನು ಮುಟ್ಟುವಂತೆಯೇ ಇರಲಿಲ್ಲ. ಕಂಡೆನ್ಸರ್ ಫ್ಯಾನ್ ಸರಿಯಾಗಿ ಓಡುತ್ತಿತ್ತು, ಕಂಡೆನ್ಸರ್‌ನ ರೆಕ್ಕೆಗಳಲ್ಲಿ ದೂಳು ಇರಲಿಲ್ಲ, ಗ್ಯಾಸನ್ನು ನಾನೇ ತೂಗಿ ಹಾಕಿದ್ದೆ. ಹಾಗಾದರೆ ಒತ್ತಡ ಏಕೆ ಏರಿದೆ ಎಂಬುದು ಎರಡು ದಿನ ತಲೆಯಲ್ಲೇ ತಿರುಗಿತು.

ಏಪ್ರಿಲ್ 2: ಉಸ್ತಾದರ ಪ್ರಶ್ನೆ

ಅಂಗಡಿಗೆ ಹೋಗಿ ಅಂಕಿಗಳನ್ನು ಹೇಳಿದೆ. ಉಸ್ತಾದರು ಕಾರನ್ನು ನೋಡುವ ಮೊದಲೇ ಕೇಳಿದರು:

“ಸರ, ಹೊಸಾ ಕಂಪ್ರೆಸರ್‌ದಾಗಿನ ಎಣ್ಣಿ ತಗದ್ರಿ?”

“ಇಲ್ರಿ ಉಸ್ತಾದ್ರ. ಖಾಲಿ ಬರತೈತಿ ಅಂತ ತಿಳದಿದ್ದೆ.”

“ಖಾಲಿ ಎಲ್ಲಿ ಬರತೈತ್ರಿ? ತುಂಬೇ ಬಂದಿರತೈತಿ. ಅದರ ಮ್ಯಾಲೆ ನೀವೆಷ್ಟ ಹಾಕೀರಿ?”

“ಐವತ್ತು ಎಂ.ಎಲ್.”

“ಹಂಗಾದ್ರ ಗ್ಯಾಸಿಗಿ ಜಾಗಾನ ಇಲ್ರಿ ಸರ. ಹಳೇದ್ರಾಗಿಂದ ಎಷ್ಟ ಬಿತ್ತು, ಹೊಸಾದ್ರಾಗ ಎಷ್ಟ ಇತ್ತು, ಎರಡೂ ಬರದಿಟ್ಟೀರೇನು?”

ಹಳೆಯದರ ಅಂಕಿ ನನ್ನ ಹಾಳೆಯಲ್ಲಿತ್ತು. ಹೊಸದರದ್ದು ಇರಲಿಲ್ಲ. ಮನೆಗೆ ಬಂದು ಪೆಟ್ಟಿಗೆಯ ಅಂಟುಪಟ್ಟಿ ಕಿತ್ತು ನೋಡಿದಾಗ ಆ ಸಣ್ಣ ಅಕ್ಷರಗಳು ಕಂಡವು. 120 ತುಂಬಿ ಬಂದಿತ್ತು, ನಾನು 50 ಹಾಕಿದ್ದೆ, ಹಳೆಯ ಎಣ್ಣೆ ಕಂಡೆನ್ಸರ್, ಇವ್ಯಾಪರೇಟರ್, ಪೈಪುಗಳಲ್ಲಿ ಎಷ್ಟೋ ಉಳಿದಿತ್ತು. 120 ಇರಬೇಕಾದ ವ್ಯವಸ್ಥೆಯಲ್ಲಿ 200ಕ್ಕಿಂತ ಹೆಚ್ಚು ಎಣ್ಣೆ ತಿರುಗುತ್ತಿತ್ತು. ಹೆಚ್ಚಾದ ಎಣ್ಣೆ ಕೊಳವೆಯ ಒಳಗೋಡೆಗೆ ಹಚ್ಚಿಕೊಂಡು ಶಾಖ ದಾಟದಂತೆ ಮಾಡುತ್ತದೆ, ಗ್ಯಾಸ್ ಇರಬೇಕಾದ ಜಾಗ ಹಿಡಿಯುತ್ತದೆ. ಹೀಗಾಗಿ ಮೇಲೊತ್ತಡ ಏರಿ ಕೂಲಿಂಗ್ ಇಳಿಯುತ್ತದೆ.

ಉಸ್ತಾದರು ಹೇಳಿದ ಕ್ರಮ ಇಷ್ಟು. ಕಂಪ್ರೆಸರ್ ಒಂದನ್ನೇ ಬದಲಿಸುವುದಾದರೆ ಹಳೆಯದನ್ನು ಪೂರ್ತಿ ಸೋರಿಸಿ ಅಳೆಯಬೇಕು, ಹೊಸದನ್ನೂ ಪೂರ್ತಿ ಸೋರಿಸಬೇಕು, ಹಳೆಯದರಿಂದ ಬಂದಷ್ಟೇ ಹೊಸ ಎಣ್ಣೆಯನ್ನು, ಜೊತೆಗೆ ಒಳಗೆ ಅಂಟಿ ಉಳಿಯುವ ಲೆಕ್ಕಕ್ಕೆ ಹತ್ತು ಮಿಲಿಲೀಟರ್ ಸೇರಿಸಿ ಹಾಕಬೇಕು. ಹಳೆಯದು ಒಳಗೇ ಸವೆದು ಕೆಟ್ಟಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಎಲ್ಲವನ್ನೂ ಖಾಲಿ ಮಾಡಿ, ತೊಳೆದು, ಪುಸ್ತಕದಲ್ಲಿರುವ ಪೂರ್ತಿ ಪ್ರಮಾಣದಿಂದ ಹೊಸದಾಗಿ ಆರಂಭಿಸಬೇಕು. ನನ್ನದು ಎರಡನೆಯ ಬಗೆಯದು.

ಏಪ್ರಿಲ್ 6, ಭಾನುವಾರ: ಎರಡನೆಯ ಸಲ ಬಿಚ್ಚಿದ್ದು

ಹಿಂದಿನ ಸಂಜೆ ಅಂಗಡಿಯಲ್ಲಿ ಗ್ಯಾಸ್ ತೆಗೆಸಿದಾಗ ಅದರೊಂದಿಗೇ 18 ಮಿಲಿಲೀಟರ್ ಎಣ್ಣೆ ಬಂದಿತ್ತು. ಬೆಳಿಗ್ಗೆ ಕಂಪ್ರೆಸರ್ ಇಳಿಸಿ, ಬಾಯಿಗಳನ್ನು ಮುಚ್ಚಿ, ಒಂದು ಗಂಟೆ ಬಿಸಿಲಿನಲ್ಲಿಟ್ಟೆ. ಪಿ.ಎ.ಜಿ. 46ರಲ್ಲಿರುವ 46 ಎಂಬುದು 40 ಡಿಗ್ರಿಯಲ್ಲಿ ಆ ಎಣ್ಣೆಯ ಸ್ನಿಗ್ಧತೆಯನ್ನು ಸೂಚಿಸುವ ಅಂಕಿ. ನಮ್ಮ ಊರಿನ ಏಪ್ರಿಲ್ ಬಿಸಿಲು ಆ 40 ಡಿಗ್ರಿಯನ್ನು ಪುಕ್ಕಟೆ ಕೊಡುತ್ತದೆ. ಬಿಸಿಯಾದ ಎಣ್ಣೆ ತೆಳ್ಳಗಾಗಿ ಬೇಗ ಇಳಿಯುತ್ತದೆ. ಡ್ರೇನ್ ಬೋಲ್ಟ್ ತೆಗೆದು, ಎರಡೂ ಬಾಯಿಗಳಿಂದ ಬೋರಲು ಹಾಕಿ, ಶಾಫ್ಟ್ ತಿರುಗಿಸುತ್ತ ಹೋದಾಗ 74 ಮಿಲಿಲೀಟರ್ ಬಂತು. ಪೈಪುಗಳಿಂದ 12 ಬಂತು.

ಕೊನೆಗೆ ಕಂಡೆನ್ಸರ್ ಇಳಿಸಿದೆ. ಅದನ್ನು ಓರೆ ಮಾಡಿ ಹಿಡಿದಾಗ ಬೂದಿ ಬಣ್ಣದ ದಪ್ಪ ಎಣ್ಣೆ ಎಳೆಎಳೆಯಾಗಿ ಜಾಡಿಗೆ ಇಳಿಯತೊಡಗಿತು, ಒಟ್ಟು 41 ಮಿಲಿಲೀಟರ್. ಅದರ ನಾಲ್ಕು ಹನಿಯನ್ನು ಹಳೆಯ ಬಿಳಿ ಧೋತರದ ತುಂಡಿನ ಮೇಲೆ ಹಾಕಿ ಬಿಸಿಲಿಗೆ ಹಿಡಿದೆ. ಎಣ್ಣೆ ಬಟ್ಟೆಯಲ್ಲಿ ಹರಡಿಕೊಂಡು ಹೋದಂತೆ ನಡುವೆ ಅಭ್ರಕದ ಪುಡಿಯಂತೆ ಹೊಳೆಯುವ ಕಣಗಳು ಉಳಿದವು. ಬೆರಳಿನಿಂದ ಉಜ್ಜಿದರೆ ಸಣ್ಣಗೆ ಕೊರೆಯುತ್ತಿದ್ದವು. ಹಳೆಯ ಕಂಪ್ರೆಸರ್‌ನ ಅಲ್ಯೂಮಿನಿಯಂ ಅದು. ತಮ್ಮನ ಮಗ ಬಟ್ಟೆಯನ್ನು ಕೈಗೆ ತೆಗೆದುಕೊಂಡು, “ದೊಡ್ಡಪ್ಪ, ಇದೆಲ್ಲಾ ಮತ್ತ ಹೊಸಾದ್ರೊಳಗ ಹೋಗತಿತ್ತೇನು?” ಎಂದು ಕೇಳಿದ. ಹೌದು, ಮೂರು ವಾರ ಹೋಗುತ್ತಲೇ ಇತ್ತು.

ಆ ಮಧ್ಯಾಹ್ನ ಹಳೆಯ ಕಂಪ್ರೆಸರನ್ನು ಪೂರ್ತಿ ಬಿಚ್ಚಿ ನೋಡಿದೆ. ಪಿಸ್ಟನ್‌ಗಳನ್ನು ನೂಕುವ ಓರೆ ತಟ್ಟೆಯ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೀರುಗಳಿದ್ದವು, ಒಂದು ಸಿಲಿಂಡರ್‌ನ ಒಳಗೋಡೆ ಉದ್ದಕ್ಕೂ ಕಿತ್ತಿತ್ತು. ಎಣ್ಣೆ ಇಲ್ಲದೆ ಲೋಹ ಲೋಹವನ್ನು ತಿಂದ ಗುರುತು ಅದು.

ಅಳೆದದ್ದನ್ನೆಲ್ಲ ಕೂಡಿದರೆ 18, 74, 12, 41, ಒಟ್ಟು 145 ಮಿಲಿಲೀಟರ್. ಇವ್ಯಾಪರೇಟರ್‌ನಲ್ಲಿ ಇನ್ನೂ ಉಳಿದದ್ದು ಇದರಲ್ಲಿ ಸೇರಿಲ್ಲ. ಕೈಗೆ ಸಿಕ್ಕಿದ್ದೇ ಪುಸ್ತಕದ ಪ್ರಮಾಣಕ್ಕಿಂತ 25 ಹೆಚ್ಚಾಗಿತ್ತು.

ಏಪ್ರಿಲ್ 12: ತೊಳೆದದ್ದು

ಈಗಿನ ಕಾರುಗಳ ಕಂಡೆನ್ಸರ್‌ನಲ್ಲಿ ಚಪ್ಪಟೆ ಕೊಳವೆಗಳು ಒಂದರ ಪಕ್ಕ ಒಂದು ಇರುತ್ತವೆ, ಪ್ರತಿಯೊಂದರ ಒಳಗೂ ಸೂಜಿಯಷ್ಟು ಸಣ್ಣ ದಾರಿಗಳು. ತೊಳೆಯುವ ದ್ರವ ಖಾಲಿ ದಾರಿಯಲ್ಲಿ ಹರಿದು ಹೋಗುತ್ತದೆ, ಕಟ್ಟಿಕೊಂಡ ದಾರಿ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಹೊಸ ಕಂಡೆನ್ಸರ್ ತಂದೆ. ಡ್ರೈಯರ್ ಅದರ ಬದಿಯಲ್ಲೇ ಕೂಡಿಸಿ ಬರುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವ್ ಕೂಡ ಹೊಸದು. ನನ್ನ ಕಾರಿನಲ್ಲಿ ಆ ವಾಲ್ವ್ ಬಾನೆಟ್ ಕಡೆಯಿಂದಲೇ ಸಿಗುವುದರಿಂದ ಡ್ಯಾಶ್‌ಬೋರ್ಡ್ ಬಿಚ್ಚುವ ಕಷ್ಟ ತಪ್ಪಿತು.

ಪೈಪುಗಳನ್ನೂ ಇವ್ಯಾಪರೇಟರನ್ನೂ ಎ.ಸಿ. ತೊಳೆಯುವ ದ್ರವದಿಂದ ಮೂರು ಸಲ ತೊಳೆದು, ಪ್ರತಿಸಲವೂ ನೈಟ್ರೋಜನ್‌ನಿಂದ ಊದಿ ಒಣಗಿಸಿದೆ. ಟೈರ್ ಅಂಗಡಿಯ ಗಾಳಿ ಇದಕ್ಕೆ ಆಗದು, ಅದರಲ್ಲಿ ತೇವವಿರುತ್ತದೆ. ಆಮ್ಲಜನಕದ ಸಿಲಿಂಡರ್ ಅಂತೂ ಹತ್ತಿರ ತರಬಾರದು. ಎಣ್ಣೆಯೂ ಒತ್ತಡದ ಆಮ್ಲಜನಕವೂ ಕೂಡಿದರೆ ಸ್ಫೋಟವಾಗುತ್ತದೆ. ನೈಟ್ರೋಜನ್‌ಗೂ ರೆಗ್ಯುಲೇಟರ್ ಇಲ್ಲದೆ ಕೈ ಹಾಕಬಾರದು.

ತೊಳೆಯುವ ದ್ರವವನ್ನು ಕಂಪ್ರೆಸರ್‌ಗೆ ಎಂದೂ ಹಾಕಬಾರದು. ಅದು ಎಣ್ಣೆಯ ಪದರವನ್ನೇ ಕಿತ್ತುಹಾಕುತ್ತದೆ, ಒಳಗೆ ಉಳಿದರೆ ಹೊಸ ಎಣ್ಣೆಯನ್ನು ತೆಳುವಾಗಿಸುತ್ತದೆ. ಮೂರು ವಾರ ಓಡಿದ್ದ ಹೊಸ ಕಂಪ್ರೆಸರನ್ನು ಹೊಸ ಪಿ.ಎ.ಜಿ. ಎಣ್ಣೆಯಿಂದಲೇ ಎರಡು ಸಲ ಜಾಲಾಡಿದೆ, ಪ್ರತಿಸಲ 50 ಮಿಲಿಲೀಟರ್. ಮೊದಲ ಸಲ ತುಸು ಬೂದಿ ಬಣ್ಣ ಬಂತು, ಎರಡನೆಯ ಸಲ ತಿಳಿಯಾಗಿತ್ತು. ಬಿಳಿ ಬಟ್ಟೆಯ ಮೇಲೆ ಹೊಳಪು ಕಾಣಲಿಲ್ಲ, ಶಾಫ್ಟ್ ಒಂದೇ ಸಮನೆ ತಿರುಗುತ್ತಿತ್ತು. ಹೀಗಾಗಿ ಇದೇ ಕಂಪ್ರೆಸರನ್ನು ಉಳಿಸಿಕೊಳ್ಳುವ ನಿರ್ಧಾರ ಮಾಡಿದೆ.

ಏಪ್ರಿಲ್ 13, ಭಾನುವಾರ: ಎಣ್ಣೆ ಹಂಚಿದ್ದು, ಜೋಡಿಸಿದ್ದು, ಸೋರಿದ್ದು

ಸೋರಿಸಿದ ಮೇಲೂ ಕಂಪ್ರೆಸರ್‌ನಲ್ಲಿ 10 ಮಿಲಿಲೀಟರ್ ಅಂಟಿಕೊಂಡಿದೆ ಎಂದು ಹಿಡಿದೆ. ಉಳಿದ 110ನ್ನು ಹೀಗೆ ಹಂಚಿದೆ: ಕಂಪ್ರೆಸರ್‌ಗೆ 60, ಕಂಡೆನ್ಸರ್‌ಗೆ 30, ಇವ್ಯಾಪರೇಟರ್ ಕಡೆಗೆ 20. ಎಲ್ಲವನ್ನೂ ಕಂಪ್ರೆಸರ್‌ಗೇ ಸುರಿದರೆ ಮೊದಲ ಸುತ್ತಿನಲ್ಲಿ ಪಿಸ್ಟನ್ ಎದುರು ದ್ರವ ನಿಲ್ಲುತ್ತದೆ. ಗ್ಯಾಸನ್ನು ಒತ್ತಬಹುದು, ದ್ರವವನ್ನು ಒತ್ತಲಾಗದು, ವಾಲ್ವ್ ಪತ್ತಿಗಳು ಮುರಿಯುತ್ತವೆ. ಈ ಎಣ್ಣೆಯ ಸಾಂದ್ರತೆ ನೀರಿಗೆ ಬಹಳ ಹತ್ತಿರವಾದ್ದರಿಂದ ಸಿರಿಂಜಿನ ಅಳತೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಗ್ರಾಂ ಲೆಕ್ಕದಲ್ಲಿ ಮತ್ತೊಮ್ಮೆ ನೋಡಿಕೊಂಡೆ. ಡಬ್ಬಿಯ ಮುಚ್ಚಳವನ್ನು ಎಣ್ಣೆ ಎಳೆದುಕೊಳ್ಳುವಾಗ ಮಾತ್ರ ತೆರೆದು ತಕ್ಷಣ ಮುಚ್ಚಿದೆ. ಎಣ್ಣೆ ಬಣ್ಣಕ್ಕೆ ತಾಗಿದರೆ ಬಣ್ಣ ಕೆಡುವುದರಿಂದ ಫೆಂಡರ್ ಮೇಲೆ ಬಟ್ಟೆ ಹಾಸಿ, ಕೈಗವಸು ಹಾಕಿಕೊಂಡಿದ್ದೆ.

ಎಣ್ಣೆ ಹಾಕಿದ ಮೇಲೆ ಕ್ಲಚ್ ಪ್ಲೇಟನ್ನು ಕೈಯಿಂದ ಹದಿನೈದು ಸುತ್ತು ತಿರುಗಿಸಿದೆ. ಕ್ಲಚ್ ಪ್ಲೇಟಿಗೂ ಪುಲ್ಲಿಗೂ ನಡುವಿನ ಸಂದು ಫೀಲರ್ ಗೇಜಿನಲ್ಲಿ ಮೂರು ಕಡೆ 0.45 ಮಿಲಿಮೀಟರ್ ಬಂತು, ಸರಿಯಾಗಿತ್ತು. ಕಂಪ್ರೆಸರ್ ಬೋಲ್ಟ್‌ಗಳಿಗೆ 25, ಪೈಪ್ ಬೋಲ್ಟ್‌ಗಳಿಗೆ 10 ನ್ಯೂಟನ್ ಮೀಟರ್ ಬಿಗಿತ. ಜೋಡಣೆಗಳಲ್ಲಿ ಸೋರಿಕೆ ತಡೆಯುವ ರಬ್ಬರ್ ಉಂಗುರಗಳಾದ ಎಲ್ಲ ಓ-ರಿಂಗ್‌ಗಳೂ ಹೊಸವು, ಪ್ರತಿಯೊಂದಕ್ಕೂ ಒಂದು ಹನಿ ಎಣ್ಣೆ.

ಹನ್ನೊಂದು ಗಂಟೆಗೆ ನೇರವಾಗಿ ವ್ಯಾಕ್ಯೂಮ್ ಪಂಪ್ ಹಚ್ಚಿದೆ. ಮೊದಲು ನೈಟ್ರೋಜನ್ ತುಂಬಿ ಸೋರಿಕೆ ನೋಡಬೇಕಿತ್ತು, ಅವಸರದಲ್ಲಿ ಬಿಟ್ಟೆ. ಎಷ್ಟು ಗಾಳಿ ಎಳೆದಿದೆ ಎಂದು ತೋರಿಸುವ ಗೇಜಿನ ಮುಳ್ಳು 27.8 ಇಂಚು ಪಾದರಸಕ್ಕೆ ನಿಂತಿತು. 29.9ಕ್ಕೆ ಹೋಗಲಿಲ್ಲವಲ್ಲ ಎಂದು ಮೊದಲು ಅನುಮಾನ ಬಂತು. ಆದರೆ ಆ 29.9 ಸಮುದ್ರಮಟ್ಟದ ಅಂಕಿ. ವಿಜಯಪುರ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು 28 ಇಂಚು ಪಾದರಸ. ಅದಕ್ಕಿಂತ ಕೆಳಗೆ ನಮ್ಮ ಗೇಜ್ ಇಳಿಯುವುದು ಸಾಧ್ಯವೇ ಇಲ್ಲ. ಬೆಳಗಾವಿ ಇನ್ನೂ ಎತ್ತರದಲ್ಲಿರುವುದರಿಂದ ಅಲ್ಲಿನವರಿಗೆ ಇನ್ನೂ ಕಡಿಮೆ ಕಾಣಿಸುತ್ತದೆ.

ನಿಜವಾದ ತೊಂದರೆ ಮುಂದೆ ಕಂಡಿತು. ಮುಕ್ಕಾಲು ಗಂಟೆಯ ನಂತರ ವಾಲ್ವ್ ಮುಚ್ಚಿ ಪಂಪ್ ನಿಲ್ಲಿಸಿದರೆ ಇಪ್ಪತ್ತು ನಿಮಿಷದಲ್ಲಿ ಮುಳ್ಳು 25ಕ್ಕೆ ಬಂತು. ಆಗ ನೈಟ್ರೋಜನ್ 150 ಪಿ.ಎಸ್.ಐ. ತುಂಬಿ, ಸೋಪಿನ ನೀರನ್ನು ಕುಂಚದಿಂದ ಒಂದೊಂದೇ ಜೋಡಣೆಗೆ ಹಚ್ಚುತ್ತ ಹೋದೆ. ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಹತ್ತಿರ, ಕೈ ಹೋಗಲು ಕಷ್ಟವಿದ್ದ ಕಡೆ, ಸಾಸಿವೆಯಷ್ಟು ದೊಡ್ಡ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ನೈಟ್ರೋಜನ್ ಬಿಟ್ಟು, ಬಿಚ್ಚಿ ನೋಡಿದರೆ ಓ-ರಿಂಗ್ ಅಂಚಿನಲ್ಲಿ ಸಿಕ್ಕಿ ಅರ್ಧ ಕತ್ತರಿಸಿತ್ತು. ಪೈಪನ್ನು ನೇರ ಕೂರಿಸದೆ ಬೋಲ್ಟಿನಿಂದ ಎಳೆದು ಕೂರಿಸಿದ್ದರ ಫಲ. ಹೊಸ ಓ-ರಿಂಗ್ ಹಾಕಿ, ಪೈಪನ್ನು ಕೈಯಿಂದಲೇ ಪೂರ್ತಿ ಕೂರಿಸಿ ಆಮೇಲೆ ಬೋಲ್ಟ್ ತಿರುಗಿಸಿದೆ. ಮತ್ತೆ ನೈಟ್ರೋಜನ್ ತುಂಬಿ ಒಂದು ಗಂಟೆ ಬಿಟ್ಟಾಗ ಒತ್ತಡ ಅಲುಗಲಿಲ್ಲ. ಮತ್ತೆ ವ್ಯಾಕ್ಯೂಮ್, ಈ ಸಲ ಪೂರ್ತಿ ಒಂದು ಗಂಟೆ. ರಾತ್ರಿಯಿಡೀ ಹಾಗೆಯೇ ಬಿಟ್ಟೆ.

ಏಪ್ರಿಲ್ 14: ಗ್ಯಾಸ್ ಮತ್ತು ಫಲಿತಾಂಶ

ಅಂಬೇಡ್ಕರ್ ಜಯಂತಿಯ ರಜೆ ಇದ್ದದ್ದು ಅನುಕೂಲವಾಯಿತು. ಬೆಳಿಗ್ಗೆ ಮುಳ್ಳು 27.8ರಲ್ಲೇ ಇತ್ತು. ಸಮಾಧಾನಕ್ಕೆ ಮತ್ತೆ ಹದಿನೈದು ನಿಮಿಷ ಪಂಪ್ ಓಡಿಸಿ, ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು, ಮೆದುಗೊಳವೆಯಲ್ಲಿದ್ದ ಗಾಳಿಯನ್ನು ಹೊರಹಾಕಿ ಗ್ಯಾಸ್ ಬಿಡಲು ಆರಂಭಿಸಿದೆ. ಎಂಜಿನ್ ಬಂದ್ ಇದ್ದಾಗ ತಾನಾಗಿಯೇ ಎಳೆದುಕೊಂಡದ್ದು 180 ಗ್ರಾಂ. ಕ್ಲಚ್ ಪ್ಲೇಟನ್ನು ಕೈಯಿಂದ ಮತ್ತೆ ಹತ್ತು ಸುತ್ತು ತಿರುಗಿಸಿ, ಮೇಲೊತ್ತಡದ ಕಡೆಯ ವಾಲ್ವ್ ಮುಚ್ಚಿದೆಯೇ ಎಂದು ಎರಡು ಸಲ ನೋಡಿ, ಎಂಜಿನ್ ಚಾಲೂ ಮಾಡಿದೆ. ಆ ವಾಲ್ವ್ ತೆರೆದಿದ್ದರೆ ಎಂಜಿನ್ ಓಡುವಾಗ ಮೇಲೊತ್ತಡವೆಲ್ಲ ಡಬ್ಬಿಗೆ ನುಗ್ಗಿ ಡಬ್ಬಿ ಒಡೆಯುತ್ತದೆ. ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ, ಆವಿಯ ರೂಪದಲ್ಲಿ ಮಾತ್ರ, ಕೆಳಒತ್ತಡದ ಕಡೆಯಿಂದ ಉಳಿದ 220 ಗ್ರಾಂ ನಿಧಾನವಾಗಿ ಬಿಟ್ಟೆ. 400 ಆದ ಕೂಡಲೇ ಮುಚ್ಚಿದೆ. ಮೊದಲ ಹತ್ತು ಸಲ ಎ.ಸಿ.ಯನ್ನು ಹತ್ತು ಸೆಕೆಂಡ್ ಹಾಕಿ ಹತ್ತು ಸೆಕೆಂಡ್ ಆರಿಸಿ, ನಂತರ ಐದು ನಿಮಿಷ ಎಂಜಿನ್ನಿನ ಸಾದಾ ಓಟದಲ್ಲೇ ಬಿಟ್ಟೆ. ಎಣ್ಣೆ ಎಲ್ಲ ಕಡೆ ಸುತ್ತಿ ಬರಲು ಅಷ್ಟು ಸಮಯ ಕೊಡಬೇಕು.

ಮಧ್ಯಾಹ್ನ ಎರಡು ಗಂಟೆ, ಹೊರಗೆ ನೆರಳಿನಲ್ಲಿ 40 ಡಿಗ್ರಿ. ಎಂಜಿನ್ 1,500 ಸುತ್ತಿನಲ್ಲಿ, ಒಳಗಿನ ಗಾಳಿಯೇ ತಿರುಗುವಂತೆ ಇಟ್ಟಾಗ ಕೆಳಒತ್ತಡ 36, ಮೇಲೊತ್ತಡ 245 ಪಿ.ಎಸ್.ಐ., ಕಿಂಡಿಯಲ್ಲಿ 10.5 ಡಿಗ್ರಿ. ಕಾರಿನಲ್ಲಿ ಕುಳಿತಿದ್ದ ತಂದೆ ಕಾಲು ಗಂಟೆಯ ನಂತರ, “ಸಾಕಪಾ, ಸ್ವಲ್ಪ ಕಮ್ಮಿ ಮಾಡು” ಎಂದರು.

ಖರ್ಚು

ಮೊದಲ ಪ್ರಯತ್ನಕ್ಕೆ ಕಂಪ್ರೆಸರ್ 9,800, ಎಣ್ಣೆ 650, ಓ-ರಿಂಗ್ 180, ಗ್ಯಾಸ್ ಡಬ್ಬಿ 550, ಗ್ಯಾಸ್ ತೆಗೆಸಿದ್ದು ಮತ್ತು ಪಂಪ್ ಬಾಡಿಗೆ ಸೇರಿ 600. ಒಟ್ಟು 11,780 ರೂಪಾಯಿ. ಎರಡನೆಯದಕ್ಕೆ ಡ್ರೈಯರ್ ಸಹಿತ ಕಂಡೆನ್ಸರ್ 4,200, ಎಕ್ಸ್‌ಪ್ಯಾನ್ಷನ್ ವಾಲ್ವ್ 950, ಓ-ರಿಂಗ್ ಸೆಟ್ 250, ತೊಳೆಯುವ ದ್ರವ 700, ನೈಟ್ರೋಜನ್ 500, ಎಣ್ಣೆ 650, ಗ್ಯಾಸ್ 550, ತೆಗೆಸಿದ್ದು ಮತ್ತು ಎರಡು ದಿನದ ಬಾಡಿಗೆ 900, ಒಟ್ಟು 8,700. ಎರಡೂ ಸೇರಿ 20,480 ರೂಪಾಯಿ. ಮೊದಲೇ ಸರಿಯಾಗಿ ಮಾಡಿದ್ದರೆ ಇದರಲ್ಲಿ ಸುಮಾರು 2,000 ರೂಪಾಯಿ ಮತ್ತು ಎರಡು ಭಾನುವಾರ ಉಳಿಯುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಹೊಸ ಕಂಪ್ರೆಸರ್ ಮೂರು ವಾರ ಅಲ್ಯೂಮಿನಿಯಂ ಪುಡಿಯ ಎಣ್ಣೆ ಕುಡಿಯುವುದು ತಪ್ಪುತ್ತಿತ್ತು. ಅದರ ಆಯುಷ್ಯ ಎಷ್ಟು ಕಡಿಮೆಯಾಯಿತೋ ಅದನ್ನು ರೂಪಾಯಿಯಲ್ಲಿ ಬರೆಯಲು ಬಾರದು.

ಸೋರಿಸಿದ ಹಳೆಯ ಎಣ್ಣೆಯನ್ನೂ ತೊಳೆದ ದ್ರವವನ್ನೂ ಚರಂಡಿಗೆ ಸುರಿಯದೆ ಬೇರೆ ಬೇರೆ ಡಬ್ಬಿಯಲ್ಲಿ ತುಂಬಿ, ಹಳೆಯ ಎಂಜಿನ್ ಎಣ್ಣೆ ಸಂಗ್ರಹಿಸುವವರಿಗೆ ಏನೇನೆಂದು ಹೇಳಿ ಕೊಟ್ಟೆ.

ಮೇ 11: ನಾಲ್ಕು ವಾರದ ನಂತರ

ಸೋಲಾಪುರಕ್ಕೆ ಒಂದು ಸಲ ಹೋಗಿ ಬಂದದ್ದೂ ಸೇರಿ ಕಾರು 900 ಕಿಲೋಮೀಟರ್ ಓಡಿದೆ. ಎಣ್ಣೆಯಲ್ಲಿ ಸೋರಿಕೆ ತೋರಿಸುವ ಬಣ್ಣ ಬೆರೆತಿದ್ದರಿಂದ, ರಾತ್ರಿ ದೀಪ ಆರಿಸಿ ನೇರಳೆ ಬ್ಯಾಟರಿ ಬೆಳಕಿನಲ್ಲಿ ಪ್ರತಿ ಜೋಡಣೆಯನ್ನೂ ಶಾಫ್ಟ್ ಸೀಲನ್ನೂ ನೋಡಿದೆ. ಎಲ್ಲಿಯೂ ಹೊಳಪಿಲ್ಲ. ಒತ್ತಡಗಳು 37 ಮತ್ತು 240, ಕಿಂಡಿಯಲ್ಲಿ 10.5 ಡಿಗ್ರಿ. ಮುಂದೆ ಈ ಕಾರಿನ ಎ.ಸಿ. ಬಿಚ್ಚುವವರು ನಾನೇ ಆಗಲಿ, ಬೇರೆಯವರೇ ಆಗಲಿ, ಊಹೆಯಿಂದ ಎಣ್ಣೆ ಹಾಕಬಾರದೆಂದು, ಬಾನೆಟ್ಟಿನ ಒಳಗೆ ಕಾರ್ಖಾನೆಯ ಚೀಟಿಯ ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿದ್ದೇನೆ: “ಪಿ.ಎ.ಜಿ. 46, ಒಟ್ಟು 120 ಮಿ.ಲೀ.; ಕಂಪ್ರೆಸರ್ 70, ಕಂಡೆನ್ಸರ್ 30, ಇವ್ಯಾಪರೇಟರ್ 20. ಗ್ಯಾಸ್ 400 ಗ್ರಾಂ. 14-4-2025.”